ಹೊಯ್ಗೆಯ ಬದಲು ಹುಣಸೆಬೀಜ

ಬಾಲ್ಕನಿಯಲ್ಲಿ ಮಗುವಿಗೆ ಆಡಲು ಹೊಯ್ಗೆಯ, ಅಂದರೆ ಮರಳಿನ, ಟಬ್ ಇಡುತ್ತೇವೆ ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಆಟ ಮುಗಿದ ಮೇಲೆ ಒಂದೇ ಸಲ ಗುಡಿಸಿ ಎತ್ತಲು ಆಗುತ್ತದೆಯೇ? ಹೊಯ್ಗೆ ಹಾಗೆಲ್ಲ ಮಾತು ಕೇಳುವುದಿಲ್ಲ. ಒದ್ದೆ ಕಾಲಿಗೆ ಅಂಟಿಕೊಂಡು ಚಾವಡಿಗೆ ಬರುತ್ತದೆ, ಹಾಸಿಗೆಗೆ ಬರುತ್ತದೆ, ಬಚ್ಚಲಿನ ಪೈಪಿನಲ್ಲಿ ಹೋಗಿ ಕೂರುತ್ತದೆ. ಮಲ್ಪೆಯಿಂದಲೋ ಪಣಂಬೂರಿನಿಂದಲೋ ಒಂದು ಚೀಲ ತಂದರಾಯಿತು ಎನ್ನಬೇಡಿ. ಕಡಲ ಕರೆಯ ಹೊಯ್ಗೆ ತೆಗೆಯುವುದಕ್ಕೆ ಕಾನೂನಿನ ತಡೆ ಇದೆ. ಅದರಲ್ಲಿ ಉಪ್ಪಿರುವುದರಿಂದ ನಮ್ಮ ಊರಿನ ತೇವದ ಗಾಳಿಗೆ ಸರಿಯಾಗಿ ಒಣಗುವುದೂ ಇಲ್ಲ. ಅಂಗಳದಲ್ಲಿ ತೆರೆದಿಟ್ಟರೆ ಬೆಕ್ಕು ಬಂದು ಗಲೀಜು ಮಾಡುತ್ತದೆ, ಅದರಿಂದ ಮಕ್ಕಳಿಗೆ ಹುಳದ ಬಾಧೆ ತಗಲಬಹುದು.

ನನ್ನ ಆಯ್ಕೆ ಹುಣಸೆಬೀಜ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಹುಳಿ ಬಿಡಿಸಿಡುವ ಮನೆಗಳಲ್ಲಿ ಅದು ಎಸೆಯುವ ವಸ್ತು, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ತಂದದ್ದನ್ನು ಬಿಸಿನೀರಿನಲ್ಲಿ ಕೈಯಿಂದ ತಿಕ್ಕಿ ತಿಕ್ಕಿ ತೊಳೆಯಿರಿ. ಹುಳಿಯ ಎಳೆ ಒಂದಿಷ್ಟು ಉಳಿದರೂ ಇರುವೆ ಬರುತ್ತದೆ, ಅಂಟು ಬಿಡುತ್ತದೆ. ಹಾಗೆಂದು ರಾತ್ರಿಯಿಡೀ ನೆನೆಹಾಕಬೇಡಿ, ಬೀಜ ಉಬ್ಬಿ ಹಾಳಾಗುತ್ತದೆ. ತೊಳೆದ ಕೂಡಲೇ ಗೆರಸೆಯಲ್ಲಿ ಹರಡಿ ನಾಲ್ಕೈದು ಒಳ್ಳೆಯ ಬಿಸಿಲು ಕಾಣಿಸಿ. ಒಣಗಿದ ಬೀಜ ನುಣುಪಾಗಿ, ಭಾರವಾಗಿ ಇರುತ್ತದೆ. ಗಾಳಿಗೆ ಹಾರುವುದಿಲ್ಲ, ಧೂಳಿಲ್ಲ, ಬಟ್ಟೆಗೆ ಅಂಟುವುದಿಲ್ಲ. ಅಂಚು ಉಜ್ಜಿ ನಯ ಮಾಡಿದ ತೆಂಗಿನ ಗೆರಟೆ ಎರಡು, ಒಂದು ಮರದ ಸೌಟು, ಜಾರುಬಂಡೆಯ ಹಾಗೆ ಓರೆಯಾಗಿಡಲು ಒಂದು ಅಡಿಕೆ ಹಾಳೆ ಕೊಟ್ಟರೆ ಮಕ್ಕಳು ಗಂಟೆಗಟ್ಟಲೆ ಮೊಗೆದು ಸುರಿಯುತ್ತಾ ಕೂರುತ್ತಾರೆ. ಟಬ್ಬಿನ ಅಡಿಗೆ ಹಳೆಯ ಬೆಡ್‌ಶೀಟ್ ಹಾಸಿ. ಆಟ ಮುಗಿದಾಗ ನಾಲ್ಕು ಮೂಲೆ ಹಿಡಿದೆತ್ತಿದರೆ ಚೆಲ್ಲಿದ್ದೆಲ್ಲ ಒಟ್ಟಿಗೆ ಬರುತ್ತದೆ.

ಆದರೆ ಮೂರು ವರ್ಷ ತುಂಬದ ಮಗುವಿಗೆ ಯಾವ ಬೀಜವನ್ನೂ ಕೊಡಬೇಡಿ. ದೊಡ್ಡ ಮಕ್ಕಳು ಆಡುವಾಗಲೂ ಹತ್ತಿರ ಒಬ್ಬರು ಇರಲೇಬೇಕು. ಮೂಗಿಗೆ ಹಾಕಿಕೊಂಡರೆ ಮನೆಯಲ್ಲಿ ಕಡ್ಡಿ ಹಾಕಿ ತೆಗೆಯುವ ಸಾಹಸ ಬೇಡ, ನೇರ ಡಾಕ್ಟರ ಬಳಿ ಹೋಗಿ. ಕಡಲೆ, ಬಟಾಣಿಯನ್ನು ನಾನು ಒಪ್ಪದಿರುವುದೂ ಇದಕ್ಕೇ, ಒದ್ದೆ ಜಾಗದಲ್ಲಿ ಅವು ಬೇಗ ಊದಿಕೊಳ್ಳುತ್ತವೆ. ಹಸಿ ರಾಜ್ಮಾ ಹೊಟ್ಟೆಗೆ ಹೋದರೆ ವಾಂತಿ ಭೇದಿ ಆಗಬಹುದು. ಗುಳಿಗಳಿರುವ ಮರದ ಮಣೆಯ ಆಟವಾದ ಚೆನ್ನೆಮಣೆಗೆ ಬಳಸುವ ಮಂಜೊಟ್ಟಿ ಬೀಜ ಪೂರ್ತಿ ಕೆಂಪು. ಕೆಂಪು ಬೀಜಕ್ಕೆ ಕಪ್ಪು ಕಣ್ಣಿದ್ದರೆ ಅದು ಗುಲಗಂಜಿ, ಕಡು ವಿಷ. ಬೀಜ ಆರಿಸುವಾಗ ಒಂದೂ ಬೆರೆಯದ ಹಾಗೆ ಕಣ್ಣಿಟ್ಟು ನೋಡಿ.

ಇನ್ನೂ ಸಣ್ಣ ಮಗುವಿಗೆ ಹಿಟ್ಟೇ ಒಳ್ಳೆಯದು. ಬೆಳ್ತಿಗೆ (ಕುಚ್ಚಲು ಅಲ್ಲದ ಬಿಳಿ) ಅಕ್ಕಿಯ ಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು ಆರಿಸಿ, 8 ಲೋಟಕ್ಕೆ 1 ಲೋಟ ತೆಂಗಿನೆಣ್ಣೆ ಹಾಕಿ ಬೆರಳಿನಿಂದ ಉದುರುದುರಾಗಿ ಕಲಸಿ. ಒತ್ತಿದರೆ ಮುದ್ದೆ ನಿಲ್ಲುತ್ತದೆ, ಮುಟ್ಟಿದರೆ ಉದುರುತ್ತದೆ, ಒದ್ದೆ ಹೊಯ್ಗೆಯ ಮಜಾ ಎಲ್ಲ ಸಿಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರಷ್ಟೇ ಗಟ್ಟಿಯಾಗುವುದು, ಮಂಗಳೂರು ಉಡುಪಿಯ ಸೆಕೆಯಲ್ಲಿ ಆ ಚಿಂತೆ ಬೇಡ. ಚೆಲ್ಲಿದ್ದನ್ನು ಮೊದಲು ಒಣ ಪೊರಕೆಯಿಂದ ಗುಡಿಸಿ, ಕೊನೆಗಷ್ಟೇ ಒರೆಸಿ. ಮೊದಲೇ ನೀರು ತಾಗಿದರೆ ನೆಲವೆಲ್ಲ ಅಂಟು, ಕಾಲೂ ಜಾರುತ್ತದೆ. ಆಡಿ ಮುಗಿದ ಮೇಲೆ ಡಬ್ಬಿಯ ಮುಚ್ಚಳ ಬಿಗಿಮಾಡಿ ನೀರು ಹಾಕಿದ ತಟ್ಟೆಯಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ಕಮಟು ವಾಸನೆ ಬಂದ ದಿನವೇ ಚೆಲ್ಲಿಬಿಡಿ.

ಅಕ್ಕಿ ಮಿಲ್ಲಿನ ಉಮಿ ಹಗುರ, ಅಗ್ಗ, ನಿಜ. ಆದರೆ ಹಾರಿ ಕಣ್ಣಿಗೆ ಬೀಳುತ್ತದೆ, ಮೈ ತುರಿಸುತ್ತದೆ. ಅದು ಬೇಡವೇ ಬೇಡ. ತೆಂಗಿನ ನಾರಿನ ಪುಡಿ ಪರವಾಗಿಲ್ಲ, ಸ್ವಲ್ಪ ನೀರು ಚಿಮುಕಿಸಿಟ್ಟರೆ ಧೂಳು ಏಳುವುದಿಲ್ಲ. ಅದರ ಕಂದು ನೀರು ಬಿಳಿ ಬಟ್ಟೆಗೆ ಕಲೆ ಮಾಡುವುದರಿಂದ ಹಳೆಯ ಅಂಗಿ ಹಾಕಿಸಿ. ಕಲ್ಲುಪ್ಪು ಮಳೆಗಾಲದಲ್ಲಿ ನೀರಾಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಹುಣಸೆಬೀಜವನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮಕ್ಕಳು ಹೊರಗೆ ಹೋಗಲಾರದೆ ಒಳಗೇ ಕೂತಾಗ ಬೇಕಾದಷ್ಟೇ ತೆಗೆದುಕೊಟ್ಟು, ರಾತ್ರಿ ತಿರುಗಿ ಡಬ್ಬಿಗೆ ಹಾಕಿ. ಬಿಳಿ ಬೂಸ್ಟು ಕಂಡ ಬೀಜವನ್ನು ಒರೆಸಿ ಮತ್ತೆ ಕೊಡಬೇಡಿ, ತೆಂಗಿನ ಬುಡಕ್ಕೆ ಹಾಕಿ.