ಸಿದ್ದಿ ಊರುಗಳಲ್ಲಿ ನಮ್ಮ ಸಭೆಯ ಕಣ್ಣಿನ ಸೇವೆ: ನನ್ನ ಅನುಭವ

ಚರ್ಚಿನಿಂದ ಸೇವೆಗೆ ಹೋಗೋಣ ಅಂದ ತಕ್ಷಣ ಹಳೇ ಬಟ್ಟೆ, ಬಿಸ್ಕತ್ತು, ನೋಟ್‌ಬುಕ್ ಕೂಡಿಸಲು ಶುರು ಮಾಡುತ್ತಾರೆ. ಧಾರವಾಡದ ನಮ್ಮ ಸಭೆಯ ಯುವಜನರೂ ಹಾಗೇ ಹೊರಟಿದ್ದರು. ಹೋಗಬೇಕಾದ್ದು ಹಳಿಯಾಳ ತಾಲ್ಲೂಕಿನ ಸಿದ್ದಿ ಊರುಗಳಿಗೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮೂಟೆ ಕಟ್ಟುವ ಮೊದಲು ಒಂದ್ಸಲ ಹೋಗಿ ಅವರನ್ನೇ ಕೇಳಿ ಬರೋಣ ಅಂದೆ. ನಮ್ಮ ಸಭೆಯ ಪಾಸ್ಟರು ಅಯ್ಯನವರು ಒಪ್ಪಿದರು.

ಅಲ್ಲಿ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೌದಿ ಹರವಿಕೊಂಡು ಸುಮ್ನೆ ಕೂತಿದ್ದರು. ಹೊಲಿಗೆ ನಿಂತಿತ್ತು. "ಯಾಕ್ರೀ ಆಯಿ?" ಅಂತ ಕೇಳಿದೆ. "ಸೂಜಿಗೆ ದಾರ ಹಾಕಾಕ ಮೊಮ್ಮಗಳು ಸಾಲಿಯಿಂದ ಬರೂತನಕ ಕಾಯಬೇಕ್ರೀ ಬಾಯಾರ" ಅಂದರು. ನಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹೆಚ್ಚಿನವರದ್ದು ಕೂಲಿ ಕೆಲಸ. ಹೆಂಗಸರು ಹಳೇ ಸೀರೆ, ಅಂಗಿಗಳ ತುಂಡು ಜೋಡಿಸಿ ಹೊಲಿಯುವ ಕೌದಿ ನೋಡಬೇಕು ನೀವು. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವಿನ ಹಾಗೆ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಮುಗಿದ ಹಾಗೆಯೇ ಅಲ್ಲ. ಇಷ್ಟು ಚೆಂದದ ಕೈಗೆಲಸ ನಲವತ್ತೈದು ದಾಟಿದ ಮೇಲೆ ಬರೀ ಒಂದು ಚಾಳೀಸು ಇಲ್ಲದ್ದಕ್ಕೆ ನಿಲ್ಲಬಾರದು, ಅಲ್ವಾ?

ಬಟ್ಟೆಗೆ ಕೂಡಿಸಿದ್ದ ದುಡ್ಡಿನಲ್ಲಿ ರೆಡಿಮೇಡ್ ಚಾಳೀಸು ತಂದೆವು. ಪವರ್ +1.00ರಿಂದ +3.00ರವರೆಗೆ. ಹೋಗುವ ಸಮಯ ಮುಖ್ಯ. ಗದ್ದೆ ನಾಟಿ, ಕೊಯ್ಲಿನ ಕಾಲದಲ್ಲಿ ಹೋದರೆ ಯಾರೂ ಸಿಗುವುದಿಲ್ಲ, ಸಿಕ್ಕರೂ ಅವರ ಆ ದಿನದ ಕೂಲಿ ಹೋಗುತ್ತದೆ. ಸಂಜೆ ಬೆಳಕು ಸಾಲದು. ಹಾಗಾಗಿ ಜನ ಕೆಲಸಕ್ಕೆ ಹೊರಡುವ ಮೊದಲೇ, ಬೆಳಗ್ಗೆ ಏಳಕ್ಕೆಲ್ಲ ಅಂಗನವಾಡಿ ಜಗಲಿ ಮೇಲೆ ಕೂರುತ್ತಿದ್ದೆವು. ಭಾನುವಾರ ಕ್ಯಾಥೊಲಿಕ್ ಸಿದ್ದಿಗಳ ಪೂಜೆ ಮುಗಿದ ಮೇಲೆ.

ಓದು ಬಾರದವರಿಗೆ ಅಕ್ಷರದ ಚಾರ್ಟ್ ತೋರಿಸಿದರೆ ನಾಚಿ ಹಿಂದೆ ಸರಿಯುತ್ತಾರೆ. ನಾನು ಸೂಜಿ-ದಾರವನ್ನೇ ಕೈಗೆ ಕೊಟ್ಟೆ. ಕೆಲವರಿಗೆ ತಟ್ಟೆಯಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸಲು ಹೇಳಿದೆ. ವಯಸ್ಸು ಕೇಳಿ ಅಂದಾಜಿನ ಪವರ್ ಹಾಕುವುದು, ಕೆಲಸ ಮಾಡುವಾಗ ಕೈ ಎಷ್ಟು ದೂರ ಇರುತ್ತದೋ ಅಷ್ಟೇ ದೂರದಲ್ಲಿ ನೋಡಿಸುವುದು, ಸಾಲದಿದ್ದರೆ ಕಾಲು ಪಾಯಿಂಟ್ ಏರಿಸುವುದು. ಜಾಸ್ತಿ ಪವರ್ ಕೊಡಬಾರದು. ಆಗ ತೀರಾ ಹತ್ತಿರ ಹಿಡಿದರೆ ಮಾತ್ರ ಕಾಣುತ್ತದೆ, ಕತ್ತು ನೋಯುತ್ತದೆ. ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಮುಚ್ಚಿಸಿ ನೋಡಲೇಬೇಕು. ಎರಡು ಕಣ್ಣಿನ ನಂಬರು ತುಂಬಾ ಬೇರೆ ಇದ್ದವರಿಗೆ ರೆಡಿಮೇಡ್ ಹೊಂದುವುದಿಲ್ಲ. ಅಂಥವರ ಅಳತೆ ಬರೆದುಕೊಂಡು ಬಂದು ಅಂಗಡಿಯಲ್ಲಿ ಮಾಡಿಸಿ ಕಳಿಸಿದೆವು. ಕಣ್ಣು ಕೆಂಪಾದವರಿಗೆ ಕಂಡ ಕಂಡ ಡ್ರಾಪ್ಸ್ ಹಂಚುವುದು ಬೇಡವೇ ಬೇಡ. ಅದು ಡಾಕ್ಟರ ಕೆಲಸ.

ಆ ಅಜ್ಜಿಗೆ +2.50 ಸರಿಹೋಯಿತು. ಮೊದಲ ಸಲಕ್ಕೇ ದಾರ ಹಾಕಿದರು. ಹೊಗಳಿಕೆಗೆಲ್ಲ ಕಾಯಲಿಲ್ಲ, ಹೊಲಿಯಲು ಮನೆಗೆ ಹೋಗಿಬಿಟ್ಟರು. ನನಗೆ ಬಹಳ ಖುಷಿಯಾಯಿತು.

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಒಂದು ವಿಷಯ ನಾವು ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು: ಚಾಳೀಸಿನ ಜೊತೆ ಕರಪತ್ರ ಇಲ್ಲ, ಪ್ರಸಂಗ ಇಲ್ಲ. ನಮ್ಮ ಪ್ರಾರ್ಥನೆ ನಾವು ಉಳಿದುಕೊಂಡಲ್ಲಿ, ಹೊರಡುವ ಮೊದಲು. ಕೊಡುವಾಗ ಫೋಟೊ ತೆಗೆಯುವುದನ್ನೂ ಬಿಟ್ಟೆವು. ಯೇಸು ಕಣ್ಣು ಕಾಣದವನನ್ನು "ನಿನಗೆ ನಾನು ಏನು ಮಾಡಬೇಕು?" ಎಂದು ಮೊದಲು ಕೇಳಿದ್ದನ್ನು ಓದಿ ಬೆಳೆದವರು ನಾವು. ಆ ಪ್ರಶ್ನೆ ಕೇಳದೆ ಮಾಡುವ ಸೇವೆ ನನಗೆ ಅರೆಬರೆ ಅನಿಸುತ್ತದೆ.

ಕಷ್ಟವಾದದ್ದು ಪೊರೆ ಬಂದವರದ್ದು. ಸರ್ಕಾರಿ ಯೋಜನೆಯಲ್ಲಿ ಆಪರೇಷನ್ ಉಚಿತ. ಆದರೂ ಜನ ಬರುವುದಿಲ್ಲ. ದೂರ, ಕೂಲಿ ತಪ್ಪುತ್ತದೆ, ಜೊತೆಗೆ ಒಬ್ಬರು ಬರಬೇಕು, ಕೋಳಿ-ಆಡು ಯಾರು ನೋಡಬೇಕು? ಹಳಿಯಾಳದವರಿಗೆ ತಮ್ಮ ಜಿಲ್ಲಾಕೇಂದ್ರ ಕಾರವಾರಕ್ಕಿಂತ ಧಾರವಾಡವೇ ಹತ್ತಿರ. ಹಾಗಾಗಿ ನಮ್ಮ ಸಭೆಯವರು ತಮ್ಮ ಮನೆಗಳಲ್ಲೇ ಅವರನ್ನು ಉಳಿಸಿಕೊಂಡು, ಆಸ್ಪತ್ರೆಗೆ ಕರಕೊಂಡು ಹೋಗಿ ಬಂದರು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು, ಕಟ್ಟಿಗೆ ಒಲೆಯ ಹೊಗೆ ಹತ್ತಿರ ಹೋಗಬಾರದು. ಇದನ್ನು ನೋಡಿಕೊಂಡದ್ದು ಊರಿನ ಆಶಾ ಕಾರ್ಯಕರ್ತೆ. ಅವರಿಗೆ ದಾರದ ಪರೀಕ್ಷೆಯನ್ನೂ ಹೇಳಿಕೊಟ್ಟು, ಚಾಳೀಸಿನ ಒಂದು ಪೆಟ್ಟಿಗೆ ಅವರ ಹತ್ತಿರವೇ ಬಿಟ್ಟಿದ್ದೇವೆ. +2.00 ಬೇಗ ಖಾಲಿಯಾಗುತ್ತದಂತೆ. ಫೋನ್ ಬಂದಾಗ ಹಳಿಯಾಳದ ಬಸ್ಸಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇವೆ.