ದತ್ತು ಮಗು ಬೇಕೆ? ಕೈಯಿಂದ ಕೈಗೆ ಮಾತ್ರ ಬೇಡ

‘ಒಂದು ಕೂಸು ಐತಂತ್ರೀ. ದವಾಖಾನ್ಯಾಗ ಪರಿಚಯದೋರು ಒಬ್ರು ಹೇಳ್ಯಾರ. ನಾಳೇನ ಹೋಗಿ ತೊಗೊಂಡು ಬರಬಹುದೇನ್ರೀ?’

ಹುಬ್ಬಳ್ಳಿಯ ಪರಿಚಿತರೊಬ್ಬರು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಕೇಳಿದ್ದರು. ಮದುವೆಯಾಗಿ 14 ವರ್ಷ, ಮಕ್ಕಳಿಲ್ಲ. ಬೇಡವೇ ಬೇಡ ಅಂದೆ. ಅನಾಥ ಅಥವಾ ಬಿಟ್ಟುಹೋದ ಮಗುವನ್ನು ಹೀಗೆ ಕೈಯಿಂದ ಕೈಗೆ ಪಡೆದರೆ ಬಾಲನ್ಯಾಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ದುಡ್ಡು ಕೊಟ್ಟಿದ್ದರೆ ಶಿಕ್ಷೆ ಇನ್ನೂ ಜಾಸ್ತಿ. ಅದೂ ಹೋಗಲಿ, ನಾಳೆ ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಎಲ್ಲಿಂದ ತರುವುದು?

ಮೊದಲು ವಯಸ್ಸು ಕೂಡಿಸಿ ನೋಡಿ. 2 ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ಮೀರುವಂತಿಲ್ಲ. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, ಅದಕ್ಕಿಂತ ದೊಡ್ಡವರಿಗೆ 110. ನಮ್ಮ ಪರಿಚಿತರಿಗೆ 46, ಅವರ ಹೆಂಡತಿಗೆ 41. ಒಟ್ಟು 87. ಎಳೆಗೂಸಿನ ಆಸೆ ಅಲ್ಲಿಗೇ ಮುಗಿಯಿತು. ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ.

ನೋಂದಣಿ ಆನ್‌ಲೈನ್‌ನಲ್ಲೇ ಆಗಬೇಕು, ಕೇಂದ್ರದ ದತ್ತು ಪ್ರಾಧಿಕಾರ ‘ಕಾರಾ’ದ ಪೋರ್ಟಲ್‌ನಲ್ಲಿ. ಪ್ಯಾನ್ ಕಾರ್ಡ್, ವಯಸ್ಸು, ವಿಳಾಸ ಮತ್ತು ಆದಾಯದ ದಾಖಲೆ, ಮದುವೆ ಪ್ರಮಾಣಪತ್ರ, ವೈದ್ಯರ ಸರ್ಟಿಫಿಕೇಟ್, ಮನೆಯವರ ಫೋಟೊ. ಇವನ್ನು 30 ದಿನದೊಳಗೆ ಅಪ್‌ಲೋಡ್ ಮಾಡಬೇಕು. ಕಂಪ್ಯೂಟರ್ ಗೊತ್ತಿಲ್ಲದಿದ್ದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಈ ಘಟಕ ಇದೆ. ಏಜೆಂಟರು ಬೇಕಾಗಿಲ್ಲ.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಜನ ಹೆದರುವುದು ಇದಕ್ಕೇ. ಸುಮ್ನೆ ಹೆದರಬೇಡಿ, ಅವರು ನೆಲದ ಟೈಲ್ಸ್ ನೋಡಲು ಬರುವುದಿಲ್ಲ. ಮಗುವಿಗೆ ಹುಷಾರಿಲ್ಲದಾಗ ಯಾರು ರಜೆ ಹಾಕುತ್ತೀರಿ, ದತ್ತು ಅಂತ ಮಗುವಿಗೆ ಯಾವಾಗ ಹೇಳುತ್ತೀರಿ, ಇಂಥವೇ ಪ್ರಶ್ನೆ. ಮನೆಯ ಹಿರಿಯರನ್ನೂ ಮಾತಾಡಿಸುತ್ತಾರೆ. ನಮ್ಮ ಪರಿಚಿತರ ಅವ್ವ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಕೇಳಿದ್ದರು: ‘ನಮ್ಮ ಮಂದಿ ಕೂಸ ಕೊಡ್ತೀರಿಲ್ಲೋ?’ ಬಂದಾಕೆ ನಕ್ಕು, ‘ಅಮ್ಮಾರ, ಫಾರ್ಮಿನೊಳಗ ಅದನ್ನ ಬರಿಯೋ ಜಾಗಾನ ಇಲ್ರೀ’ ಅಂದಿದ್ದಾರೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗ್ಲಿ ಬಿಡ್ರಿ, ಚಹಾ ತೊಗೋರಿ’ ಅಂದರಂತೆ. ಈ ಭೇಟಿಯ ಮೇಲೆ ಅವರು ಬರೆಯುವ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ.

ಮುಂದೆ ಕಾಯುವುದು. ಆರೋಗ್ಯವಂತ ಎಳೆಗೂಸಿಗೆ ಮೂರು ವರ್ಷ ಮೀರುವುದೂ ಉಂಟು. ದೊಡ್ಡ ಮಕ್ಕಳು, ವಿಶೇಷ ಅಗತ್ಯದ ಮಕ್ಕಳು ಬೇಗ ಸಿಗುತ್ತಾರೆ. ಸರದಿ ಬಂದಾಗ ಮಗುವಿನ ಫೋಟೊ, ಆರೋಗ್ಯದ ವರದಿ ಪೋರ್ಟಲ್‌ನಲ್ಲಿ ಬರುತ್ತದೆ. ಒಪ್ಪಿಗೆ ಹೇಳಲು 48 ಗಂಟೆ ಮಾತ್ರ, ಹಾಗಾಗಿ ಮೊಬೈಲ್ ನಂಬರ್ ಬದಲಾಯಿಸಿದ್ದರೆ ತಿಳಿಸಿಬಿಡಿ.

ಕೊನೆಯ ಆದೇಶಕ್ಕೆ ಈಗ ಕೋರ್ಟಿಗೆ ಅಲೆಯಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಯದ್ದು. 1824ರಲ್ಲಿ ಕಿತ್ತೂರಿನ ದತ್ತಕ ನಡೆಯುವುದಿಲ್ಲ ಎಂದು ಪಟ್ಟು ಹಿಡಿದು ಯುದ್ಧಕ್ಕೇ ಹೋದವರು ಧಾರವಾಡದ ಕಲೆಕ್ಟರ್ ಥ್ಯಾಕರೆ. ಇಂದು ಅದೇ ಧಾರವಾಡದಲ್ಲಿ ದತ್ತು ಆದೇಶಕ್ಕೆ ಸಹಿ ಹಾಕುವವರೂ ಕಲೆಕ್ಟರೇ! ಆ ಆದೇಶದ ಮೇಲೆ ಸಿಗುವ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಅಂತ ನಿಮ್ಮ ಹೆಸರೇ ಇರುತ್ತದೆ. ಮುಂದಿನ 2 ವರ್ಷ, ಆರು ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡಿಕೊಂಡು ಹೋಗುತ್ತಾರೆ.

ಅಣ್ಣನ ಮಗ, ತಂಗಿಯ ಮಗಳನ್ನು ಪಡೆಯುವ ಹಿಂದೂಗಳು 1956ರ ದತ್ತಕ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ಮಾಡಿಸಬಹುದು. ಈಗಾಗಲೇ ಮಗನಿದ್ದರೆ ಇದರಲ್ಲಿ ಇನ್ನೊಬ್ಬ ಮಗ ಇಲ್ಲ, ಮಗಳಿದ್ದರೆ ಮಗಳಿಲ್ಲ.

ಇನ್ನು ಪೋಷಕತ್ವ. ಇದರ ಬಗ್ಗೆ ನಮ್ಮ ಕಡೆ ಮಾತೇ ಕಮ್ಮಿ. ಇದು ದತ್ತು ಅಲ್ಲ. ಮಗು ನಿಮ್ಮ ಮನೆಯಲ್ಲಿ ಉಂಡು, ಬೆಳೆದು, ಶಾಲೆಗೆ ಹೋಗುತ್ತದೆ, ಆದರೆ ಕಾನೂನಿನಲ್ಲಿ ನಿಮ್ಮದಾಗುವುದಿಲ್ಲ. 2024ರ ಮಾರ್ಗಸೂಚಿಯಂತೆ 6 ವರ್ಷ ದಾಟಿದ ಮಕ್ಕಳನ್ನು ಹೀಗೆ ಕೊಡುತ್ತಾರೆ. ಒಂಟಿಯಾಗಿರುವವರೂ ಅರ್ಜಿ ಹಾಕಬಹುದು, ವಯಸ್ಸು 35ರಿಂದ 60ರೊಳಗಿರಬೇಕು. ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ದತ್ತು ಪಡೆದವರಿಗೆ ಇಲ್ಲದ ಮಾಸಿಕ ನೆರವು ಇಲ್ಲಿದೆ: ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ‘ಮಿಷನ್ ವಾತ್ಸಲ್ಯ’ದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅದು ಮಗುವಿನ ಖರ್ಚಿಗೆ, ಮನೆ ಬಾಡಿಗೆಗಲ್ಲ. ಮಗು ದತ್ತುವಿಗೆ ಕಾನೂನುಬದ್ಧವಾಗಿ ಮುಕ್ತವಾಗಿದ್ದರೆ 2 ವರ್ಷ ಸಾಕಿದ ಮೇಲೆ ದತ್ತುವಿಗೇ ಕೇಳಬಹುದು.

ಹಾದಿಬದಿಯಲ್ಲೋ ಗುಡಿಯ ಕಟ್ಟೆಯ ಮೇಲೋ ಕೂಸು ಸಿಕ್ಕರೆ ಮನೆಗೆ ಒಯ್ದು ಇಟ್ಟುಕೊಳ್ಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸರಿಗೆ ತಿಳಿಸಿ. ಅದಕ್ಕೆ ಕಾನೂನು ಕೊಟ್ಟಿರುವ ಸಮಯ 24 ಗಂಟೆ.