ಪೆಟ್ಟಾದ ಲಿವರ್‌ಗೆ ಎಂಆರ್‌ಐ: ಮೊದಲು ಉಸಿರು ಹಿಡಿಯುವುದನ್ನು ಕಲಿಯಿರಿ

ಅಪಘಾತದಲ್ಲಿ ಲಿವರ್‌ಗೆ ಪೆಟ್ಟಾದರೆ ಮೊದಲ ದಿನ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದು ಬೇಗ ಮುಗಿಯುತ್ತದೆ, ಆ ಹೊತ್ತಿಗೆ ಅದೇ ಸರಿ. ಗಾಯ ಮಾಯುತ್ತಿದೆಯಾ, ಪಿತ್ತರಸ ಸೋರುತ್ತಿದೆಯಾ ಎಂದು ಆಮೇಲೆ ನೋಡಲು ಎಂಆರ್‌ಐ ಒಳ್ಳೆಯದು. ಅದರಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ಆದರೆ ಅರ್ಧ ಗಂಟೆಗೂ ಜಾಸ್ತಿ ಅಲುಗಾಡದೆ ಮಲಗಬೇಕು. ಯಂತ್ರದ ಈಚೆ ಕೂತು ಎಷ್ಟೋ ಸ್ಕ್ಯಾನ್ ಕೆಡುವುದನ್ನು ನೋಡಿದ್ದೇನೆ. ಹೆಚ್ಚಿನ ಸಲ ಕೆಡಿಸುವುದು ಉಸಿರು.

ತಯಾರಿ ಸುಲಭ. ನಾಲ್ಕರಿಂದ ಆರು ಗಂಟೆ ಏನೂ ತಿನ್ನಬೇಡಿ. ಹಳೆಯ ಸಿಟಿಯ ಸಿಡಿ ತನ್ನಿ. ಫಿಲ್ಮನ್ನು ಮೊಬೈಲಲ್ಲಿ ಹೊಡೆದ ಫೋಟೊ ಸಾಲದು. ಪೇಸ್‌ಮೇಕರ್, ಕಿಡ್ನಿ ತೊಂದರೆ, ಬಸಿರು, ರಕ್ತಸ್ರಾವ ನಿಲ್ಲಿಸಲು ರಕ್ತನಾಳದೊಳಗೆ ಹಾಕಿದ ಕಾಯಿಲ್ (ಸಣ್ಣ ಲೋಹದ ಸುರುಳಿ), ಯಾವುದಿದ್ದರೂ ಮುಂಚೆಯೇ ಹೇಳಿ. ಪಕ್ಕೆ ನೋವಿಗೆ ಅಂಟಿಸಿದ ಪಟ್ಟಿಯನ್ನೂ ತೋರಿಸಿ. ಕೆಲವು ಪಟ್ಟಿಗಳ ಹಿಂಬದಿ ತೆಳು ಲೋಹದ ಹಾಳೆ ಇರುತ್ತದೆ, ಅದು ಕಾದು ಚರ್ಮ ಸುಡಬಹುದು.

ಈಗ ಉಸಿರು. ಲಿವರ್ ವಪೆಯ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಕೆಳಗೇ ಇದೆ, ಪ್ರತಿ ಉಸಿರಿಗೂ ಮೇಲೆ ಕೆಳಗೆ ಜಾರುತ್ತದೆ. ‘ಉಸಿರು ಹಿಡಿಯಿರಿ’ ಎಂದರೆ ಎಲ್ಲರೂ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಾರೆ. ಒಂದು ಸಲ ಜಾಸ್ತಿ, ಇನ್ನೊಂದು ಸಲ ಕಮ್ಮಿ. ಲಿವರ್ ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತದೆ, ಸಣ್ಣ ಸೀಳು ಮಸುಕಾಗುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವವರು ಬೇರೆ ಹೇಳದಿದ್ದರೆ ಉಸಿರು ಬಿಟ್ಟ ಮೇಲೆಯೇ ಹಿಡಿಯಿರಿ. ಒತ್ತಿ ಹೊರಹಾಕಬೇಡಿ, ಸಹಜವಾಗಿ ಬಿಟ್ಟು ಅಲ್ಲೇ ನಿಲ್ಲಿ. ಹಿಂದಿನ ದಿನ ಮನೆಯಲ್ಲಿ ಅಂಗಾತ ಮಲಗಿ, ಮನಸ್ಸಿನಲ್ಲೇ ಎಣಿಸುತ್ತಾ ಹದಿನೈದು ಸೆಕೆಂಡಿನವರೆಗೆ ಅಭ್ಯಾಸ ಮಾಡಿ. ಪಕ್ಕೆಲುಬು ಮುರಿದವರಿಗೆ ಇದು ನಿಜಕ್ಕೂ ಕಷ್ಟ. ನೋವಿನ ಮಾತ್ರೆ ಯಾವಾಗ ತಗೋಬೇಕು ಎಂದು ಡಾಕ್ಟರನ್ನು ಕೇಳಿಕೊಂಡೇ ಬನ್ನಿ. ಹಿಡಿಯಲು ಆಗುವುದೇ ಇಲ್ಲ ಎಂದರೆ ಮೊದಲೇ ಹೇಳಿ. ಉಸಿರಾಡುತ್ತಲೇ ಚಿತ್ರ ತೆಗೆಯುವ ವಿಧಾನವೂ ಇದೆ, ಸಮಯ ಹೆಚ್ಚು ಬೇಕು ಅಷ್ಟೆ.

ಪಿತ್ತ ಸೋರಿಕೆಯ ಅನುಮಾನ ಇದ್ದರೆ ಲಿವರ್ ಹೀರಿಕೊಂಡು ಪಿತ್ತಕ್ಕೆ ಬಿಡುವ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ಚುಚ್ಚುಮದ್ದು) ಕೊಡುತ್ತಾರೆ. ಕೊನೆಯ ಚಿತ್ರಕ್ಕೆ ಸುಮಾರು ಇಪ್ಪತ್ತು ನಿಮಿಷ ಕಾಯಬೇಕು. ‘ಸಾಕು, ಮುಗಿಸಿ’ ಎಂದು ಎದ್ದು ಹೋದವರಿದ್ದಾರೆ. ಅವರು ಬಂದದ್ದೇ ಆ ಚಿತ್ರಕ್ಕೆ! ಗಾಯದ ಪಕ್ಕ ನಿಂತ ನೀರಿನೊಳಗೆ ಕಾಂಟ್ರಾಸ್ಟ್ ಬಂದು ಬೆಳ್ಳಗಾದರೆ ಅಲ್ಲಿಗೆ ಪಿತ್ತ ಸೋರುತ್ತಿದೆ ಎಂದರ್ಥ.

ಹೆಪ್ಪುಗಟ್ಟಿದ ರಕ್ತವೂ ಬಣ್ಣ ಬದಲಿಸುತ್ತದೆ. ಎಂಆರ್‌ಐಯಲ್ಲಿ ಟಿ1, ಟಿ2 ಎಂದು ಎರಡು ಬಗೆಯ ಚಿತ್ರ ತೆಗೆಯುತ್ತಾರೆ. ಕೆಲವು ದಿನಗಳ ಮೇಲೆ ರಕ್ತ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹಳತಾದಂತೆ ಟಿ2 ಚಿತ್ರದಲ್ಲಿ ಅಂಚಿಗೆ ಕಬ್ಬಿಣದಂಶದ ಕಪ್ಪು ಉಂಗುರ ಮೂಡುತ್ತದೆ. ಹಾಗಾಗಿ ಬಿಳಿ ಕಂಡೊಡನೆ ಗಾಬರಿ ಬೇಡ. ಹಳೆಯ ಚಿತ್ರದ ಪಕ್ಕ ಇಟ್ಟು ಗಾತ್ರ ಇಳಿದಿದೆಯಾ ಎಂದು ಡಾಕ್ಟರನ್ನು ಕೇಳಿ.

ಈ ನಡುವೆ ಜ್ವರ, ಕಣ್ಣು ಹಳದಿಯಾಗುವುದು, ಕಪ್ಪು ಮಲ, ತಲೆಸುತ್ತು, ಹೊಟ್ಟೆನೋವು ಹೆಚ್ಚುವುದು ಕಂಡರೆ ಸ್ಕ್ಯಾನ್ ತಾರೀಖಿಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.